ಪೂಜೆಗಿಟ್ಟ ನಾಲ್ಕು ಫ್ಲಾಪಿ

“ಅಮ್ಮಾ, ಅಕ್ಕನ್ನ ಕೆಲಸದಿಂದ ತೆಗೆದುಹಾಕಿದ್ರಂತೆ! ಪೂರಾ ತೆಗೆದುಹಾಕಿದ್ರು, ಪಕ್ಕಾ. ಈಗಷ್ಟೇ ಫೋನ್ ಬಂತು.”

“ಯಾರೇ ಹೇಳಿದ್ದು?”

“ಅಕ್ಕನೇ. ವಡೋದರಾ ಸ್ಟೇಷನ್ನಿಂದ. ಟ್ರಂಕು, ಹಾಸಿಗೆ ಎಲ್ಲಾ ಕಟ್ಕೊಂಡು ಬರ್ತಿದ್ದಾಳೆ. ಆಮೇಲೆ ಅಮ್ಮಾ, ಲೈಬ್ರರಿ ಖತಮ್! ಮೂವತ್ತೊಂದು ಫ್ಲಾಪಿ, ಒಂದೂ ಓದೋಕೆ ಬರಲ್ಲ. ಎಲ್ಲಾ ಅಕ್ಕನ ಕೈಯಿಂದಾನೇ ಆಯ್ತು ಅಂತ ಕಮಿಟಿಯವರು ಬರೆದು ಕೊಟ್ರಂತೆ, ಬೋಲೋ!”

“ಮೇದಿನಿ, ಸ್ವಲ್ಪ ಉಸಿರು ಬಿಟ್ಟು ಮಾತಾಡು.”

“ನಾನು ಬಿಡ್ತಾನೇ ಇದೀನಿ. ನೀನೇ ಬಿಡ್ತಿಲ್ಲ.”

ಅದು ನಿಜವೇ. ಗೋರಿಕಾಯಿಯ ನಾರು ತೆಗೆಯುತ್ತ ಕೂತಿದ್ದ ಕಾಮಾಕ್ಷಿ ಕೈಯಲ್ಲಿದ್ದ ಕಾಯಿಯನ್ನು ಮುರಿಯಲೂ ಇಲ್ಲ, ತಟ್ಟೆಗೆ ಹಾಕಲೂ ಇಲ್ಲ. ದಸರಾ ರಜೆ ಮುಗಿಸಿ ಗೌತಮಿ ವಡೋದರಾಕ್ಕೆ ಹೋಗಿ ಇನ್ನೂ ಎಂಟು ದಿನ ಆಗಿರಲಿಲ್ಲ. ಹೋಗುವಾಗ ಹುಡುಗಿ ಎಷ್ಟು ಗೆಲುವಾಗಿದ್ದಳು! ಲಿಫ್ಟಿಗೂ ಕಾಯದೆ ಮೂರು ಮಹಡಿ ಇಳಿದು, ಕೆಳಗಿನಿಂದಲೇ “ಬರ್ತೀನಿ ಅಮ್ಮಾ” ಎಂದು ಇಡೀ ಹೌಸಿಂಗ್ ಸೊಸೈಟಿಗೆ ಕೇಳುವಂತೆ ಕೂಗಿದ್ದಳು.

ಕಾಮಾಕ್ಷಿಯ ಗಂಡ ಅನಂತರಾಮ ಅಹಮದಾಬಾದಿನಲ್ಲಿ ಬಾಹ್ಯಾಕಾಶದ ಕೆಲಸಕ್ಕೆ ಸಂಬಂಧಪಟ್ಟ ಒಂದು ಸರಕಾರಿ ಸಂಸ್ಥೆಯಲ್ಲಿದ್ದ. ಮೈಸೂರು ಬಿಟ್ಟು ಬಂದು ಹದಿನೆಂಟು ವರ್ಷ. ಸ್ಯಾಟಲೈಟ್ ಎಂಬ ಬಡಾವಣೆಯ ಈ ಫ್ಲಾಟಿಗೆ ಬಂದು ಒಂಬತ್ತು. ಚಿಕ್ಕವಳು ಮೇದಿನಿ ಹುಟ್ಟಿದ್ದೇ ಇಲ್ಲಿ, ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಕಾಲು ಗುಜರಾತಿ. ದೊಡ್ಡವಳು ಗೌತಮಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹತ್ತು ವರ್ಷದವರೆಗೆ ಅವಳನ್ನು ಮೈಸೂರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಅಂಧರ ಶಾಲೆಗೆ ಹಾಕಿದ್ದರು. ಅಲ್ಲಿ ಕಲಿತ ಬ್ರೈಲ್ ಕನ್ನಡದ್ದು. ಇಲ್ಲಿಗೆ ಬಂದ ಮೇಲೆ ಅದೇ ಬೆರಳಿನಲ್ಲಿ ಗುಜರಾತಿ ಪುಸ್ತಕವನ್ನೂ ಓದತೊಡಗಿದಾಗ ಕಾಮಾಕ್ಷಿ ಬೆರಗಾಗಿದ್ದಳು. ತಾನು ಐದು ವರ್ಷ ಕಷ್ಟಪಟ್ಟರೂ ತರಕಾರಿ ಅಂಗಡಿಯ ಬೋರ್ಡನ್ನು ತಡವರಿಸಿ ಓದಬೇಕು. ಗೌತಮಿ ನಕ್ಕಿದ್ದಳು. “ಚುಕ್ಕಿಯಲ್ಲಿ ಆ ‘ಕ’ಗೂ ಈ ‘ಕ’ಗೂ ವ್ಯತ್ಯಾಸ ಇಲ್ಲಮ್ಮ. ಲಿಪಿಯ ಜಗಳ ಎಲ್ಲ ನಿಮ್ಮ ಕಣ್ಣಿರೋರದ್ದು.”

ಆ ಪುಸ್ತಕಗಳೋ, ಹೊರಲಾರದಷ್ಟು ಭಾರ. ಹನ್ನೆರಡನೇ ಕ್ಲಾಸಿನ ಒಂದು ಚರಿತ್ರೆ ಅಂದರೆ ಒಂಬತ್ತು ದಪ್ಪ ಸಂಪುಟ. ಆ ವರ್ಷ ಅಟ್ಟದ ಮೇಲೆ ಪಾತ್ರೆ ಇಡಲು ಜಾಗವೇ ಇರಲಿಲ್ಲ. ಮಳೆಗಾಲದ ತೇವಕ್ಕೆ ಚುಕ್ಕಿಗಳು ಕುಸಿದು, ಅರ್ಧ ಪಾಠ ಬೆರಳಿಗೇ ಸಿಗದೆ, ಗೌತಮಿ ಅಳುತ್ತ ಓದಿದ್ದಳು.

ಆದ್ದರಿಂದಲೇ ವಡೋದರಾದ ಅಂಧರ ಕೇಂದ್ರಕ್ಕೆ ವಿದೇಶದಿಂದ ಯಾರೋ ದಾನ ಕೊಟ್ಟ ಆ ಯಂತ್ರ ಬಂದಾಗ, ಅದರ ಸುದ್ದಿ ಅವಳಿಗೆ ಮದುವೆ ಗೊತ್ತಾದಷ್ಟು ಸಂಭ್ರಮ ತಂದಿತ್ತು. ಕಾಮಾಕ್ಷಿ ಒಮ್ಮೆ ಮಗಳ ಜೊತೆ ಹೋಗಿ ನೋಡಿ ಬಂದಿದ್ದಳು. ಕಂಪ್ಯೂಟರಿನ ಮುಂದೆ ಒಂದು ಉದ್ದನೆಯ ಪಟ್ಟಿ, ಅದರಲ್ಲಿ ನಲವತ್ತು ಪುಟ್ಟ ಮನೆ, ಒಂದೊಂದು ಮನೆಯಲ್ಲೂ ಸೂಜಿಮೊನೆಯಂಥ ಪಿನ್ನುಗಳು. ಫ್ಲಾಪಿ ಹಾಕಿದರೆ ಪಿನ್ನುಗಳು ತಾವಾಗಿಯೇ ಎದ್ದು ಒಂದು ಸಾಲಾಗುತ್ತವೆ, ಗುಂಡಿ ಒತ್ತಿದರೆ ಮುಳುಗಿ ಮತ್ತೊಂದು ಸಾಲಾಗಿ ಏಳುತ್ತವೆ. ಮಗಳು ಅವಳ ಬೆರಳು ಹಿಡಿದು ಅದರ ಮೇಲೆ ಇರಿಸಿದ್ದಳು. ಚರ್ಮದ ಕೆಳಗೆ ರಾಗಿಕಾಳು ಜೀವ ಬಂದು ಓಡಿದಂತೆ! ಕಾಮಾಕ್ಷಿ ಕೈ ಹಿಂದಕ್ಕೆಳೆದುಕೊಂಡಿದ್ದಳು. “ಆ ದಪ್ಪ ಸಂಪುಟ ಎರಡು ಇದೊಂದರಲ್ಲೇ ಇದೆ ಅಮ್ಮ” ಎಂದು ಗೌತಮಿ ಅಂಗೈಯಗಲದ ಪ್ಲಾಸ್ಟಿಕ್ ಚೌಕವೊಂದನ್ನು ಅವಳ ಕೈಗಿಟ್ಟಿದ್ದಳು.

ಅಲ್ಲೇ ಕೆಲಸವೂ ಸಿಕ್ಕಿತು. ಹೊಸ ಪುಸ್ತಕ ಬಂದರೆ ಮೊದಲು ತಾನು ಬೆರಳಾಡಿಸಿ ತಪ್ಪು ಹುಡುಕುವುದು, ಆಮೇಲೆ ಸರದಿಯಂತೆ ಬರುವ ವಿದ್ಯಾರ್ಥಿಗಳಿಗೆ ಫ್ಲಾಪಿ ಹಾಕಿಕೊಟ್ಟು ಓದಿಸುವುದು. ಈ ವರ್ಷ ಹನ್ನೆರಡನೇ ಕ್ಲಾಸಿನವರೇ ನಾಲ್ವರಿದ್ದರು. ಕಾಗದದ ಮೇಲೆ ಚುಕ್ಕಿ ಒತ್ತುವ ಯಂತ್ರ ಕೆಟ್ಟು ವರ್ಷವಾಗಿತ್ತು. ಕಂಪ್ಯೂಟರಿನ ಹೊಟ್ಟೆ ಚಿಕ್ಕದು, ಒಂದು ಪುಸ್ತಕ ತುಂಬಿದರೆ ಇನ್ನೊಂದನ್ನು ಅಳಿಸಬೇಕು. ಇದ್ದದ್ದೆಲ್ಲ ಆ ಫ್ಲಾಪಿಗಳಲ್ಲೇ.

ಸಂಜೆ ಅನಂತರಾಮ ಸ್ಟೇಷನ್ನಿಗೆ ಹೋಗಿ ಮಗಳನ್ನು ಆಟೋದಲ್ಲಿ ಕರೆತಂದ. ಗೌತಮಿ ಕೈಕಾಲು ತೊಳೆದು ಬಂದು ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಳು. ಕುಡಿಯಲಿಲ್ಲ.

“ಮೊದಲನೇ ದಿನ, ಸೂರತ್ತಿನ ಹಯವದನ ಮಾವ ಕೊಟ್ಟಿದ್ದ ಹೊಸ ಪುಸ್ತಕದ ಒಂದನೇ ಫ್ಲಾಪೀನೇ ಹಾಕಿದ್ದು” ಎಂದಳು. “ಕರ್ರ್ ಅಂತು. ಹಿಟ್ಟಿನ ಗಿರಣೀಲಿ ಕಲ್ಲು ಸಿಕ್ಕಿಕೊಂಡ ಹಾಗೆ. ಪಿನ್ನು ಏಳಲೇ ಇಲ್ಲ. ಎರಡು ಹಾಕಿದೆ, ಮೂರು, ನಾಕು. ಎಲ್ಲಾ ಹಾಗೇ. ಸರಿ, ಕೆಟ್ಟಿರೋದು ಫ್ಲಾಪಿಯೋ ಡ್ರೈವೋ ನೋಡೋಣ ಅಂತ ಹಳೇದೊಂದು ಹಾಕಿದೆ, ಚೆನ್ನಾಗಿದ್ದದ್ದು. ಅದೂ ಕರ್ರ್ ಅಂತು. ಇನ್ನೊಂದು ಹಾಕಿದೆ.”

“ಅಯ್ಯೋ, ನಿಲ್ಲಿಸಬಾರದಿತ್ತಾ?” ಎಂದ ಅನಂತರಾಮ.

“ಆಗ ಗೊತ್ತಾಗಲಿಲ್ಲ ಅಪ್ಪ. ಒಳಗೆ ಏನೋ ಪುಡಿ ಕೂತಿತ್ತಂತೆ, ಓದೋ ಜಾಗದಲ್ಲೇ. ಹಾಕಿದ್ದನ್ನೆಲ್ಲ ಗೀರಿ ಹಾಕ್ತಿತ್ತು. ನಾನು ಯಾವುದನ್ನ ಪರೀಕ್ಷೆ ಮಾಡಿದ್ನೋ ಅದನ್ನೇ ಕೊಂದೆ.” ಅವಳು ಲೋಟ ಕೆಳಗಿಟ್ಟಳು. “ಆಮೇಲೆ ಆಪರೇಟರ್ ಅಜಯ್ ಭಾಯಿ ಬಂದ್ರು. ‘ಸರಿ ಬೆಹನ್, ನಾನು ನೋಡ್ತೀನಿ’ ಅಂತ ಬೀರುವಿನಲ್ಲಿದ್ದ ಎರಡನೇ ಪ್ರತಿಗಳನ್ನೂ ತೆಗೆದು ಒಂದೊಂದಾಗಿ ಹಾಕಿದ್ರು. ಹದಿನೆಂಟು ಹಾಕಿದ್ದು ಅವರೇ. ಅದನ್ನ ಯಾರೂ ಲೆಕ್ಕಕ್ಕೆ ತಗೋಳಲಿಲ್ಲ.”

“ಮತ್ತೆ ನಿನ್ನ ಮೇಲೆ ಯಾಕೆ?” ಮೇದಿನಿ ಸಿಡಿದಳು. “ಆ ಅಜಯ್‌ಗೆ ಎರಡು ಕಣ್ಣಿದೆ, ಜೊತೆಗೆ ಚಶ್ಮಾ ಬೇರೆ!”

“ಪುಡಿ ಬಂದಿದ್ದು ನನ್ನ ಫ್ಲಾಪಿಯಿಂದ ಅಂತ ಯಂತ್ರ ಬಿಚ್ಚಿ ನೋಡಿದ ಇಂಜಿನಿಯರ್ ಹೇಳಿದ್ರು. ಕೆಂಪು ಪುಡಿ. ಇಟ್ಟಿಗೆ ಪುಡಿ ಇರಬೇಕು, ಹುಡುಗಿ ದಾರಿಯಲ್ಲಿ ಬೀಳಿಸಿದ್ದಾಳೆ, ಕಾಣದವಳಿಗೆ ಕೊಳೆ ಹೇಗೆ ಗೊತ್ತಾಗತ್ತೆ ಅಂದ್ರು. ಇನ್ನು ಮೇಲೆ ಕಾಣದವರು ಯಾರೂ ಯಂತ್ರ ಮುಟ್ಟೋ ಹಾಗಿಲ್ಲ. ಹಾಕೋದು, ತೆಗೆಯೋದು ಎಲ್ಲ ಕಣ್ಣಿರೋರೇ. ನಾವು ಬೆರಳಿಟ್ಟು ಕೂತ್ರೆ ಸಾಕು. ಬರೆದು ಗೋಡೆಗೆ ಅಂಟಿಸಿದ್ದಾರೆ. ನಮ್ಮ ಕೇಂದ್ರದಲ್ಲಿ, ಗೋಡೆಗೆ, ಕಾಗದದಲ್ಲಿ ಬರೆದು!” ಅವಳು ನಗಲು ಹೋದಳು. ನಗು ಬರಲಿಲ್ಲ. “ಅಮ್ಮ, ನಾನು ಎಲ್ಲೂ ಬೀಳಿಸಿಲ್ಲ. ಚೀಲದಿಂದ ಹೊರಗೇ ತೆಗೆದಿಲ್ಲ. ಆದ್ರೂ ಮೂರು ದಿನದಿಂದ ಅದೇ ಯೋಚನೆ. ಪ್ಲಾಟ್‌ಫಾರ್ಮಲ್ಲಿ ಚೀಲ ಒಂದ್ಸಲ ಜಾರಿತ್ತು. ಆಗ ಬಿದ್ದಿರಬಹುದಾ? ನಾನು ಎತ್ತಿ ಹಾಕ್ಕೊಂಡು ಮರೆತಿರಬಹುದಾ? ನನ್ನ ಬೆರಳಿಗೆ ಏನೂ ಗೊತ್ತಾಗಲೇ ಇಲ್ಲವಲ್ಲ ಅಮ್ಮ!”

ಕೆಂಪು ಪುಡಿ ಎಂದ ಕ್ಷಣದಿಂದ ಕಾಮಾಕ್ಷಿಗೆ ಮುಂದಿನ ಮಾತು ಯಾವುದೂ ಸರಿಯಾಗಿ ಕೇಳಿಸಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಎದ್ದು ಹೋದಳು.

ಹಯವದನರಾಯರು ಸೂರತ್ತಿನವರು. ಊರು ಉಡುಪಿಯ ಕಡೆ, ಬ್ಯಾಂಕಿನ ಕೆಲಸಕ್ಕೆ ಬಂದು ಅಲ್ಲೇ ನೆಲೆನಿಂತು ಮೂವತ್ತು ವರ್ಷ ದಾಟಿತ್ತು. ಮಗ ಊರಾಚೆ ಸಚಿನ್ ಎಂಬಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿದ್ದ. ಆಫೀಸಿನವರು ಬೇಡವೆಂದು ಬಿಸಾಡಿದ ಕಂಪ್ಯೂಟರನ್ನು ಅವನು ಮನೆಗೆ ತಂದಾಗ, ರಾಯರು ಅದರ ಮುಂದೆ ಕೂತು ಅಂಧ ಮಕ್ಕಳಿಗೆ ಪಾಠಪುಸ್ತಕ ಟೈಪು ಮಾಡಲು ಶುರುಮಾಡಿದರು. ಅವರ ಕಣ್ಣಿಗೇ ಗ್ಲಾಕೋಮಾ. ಪರದೆಯ ಮೇಲೆ ಅಕ್ಷರಗಳನ್ನು ಹೆಬ್ಬೆರಳಿನಷ್ಟು ದಪ್ಪ ಮಾಡಿಕೊಂಡು ಏಳು ತಿಂಗಳು ಕೂತು ಹನ್ನೆರಡನೇ ಕ್ಲಾಸಿನ ಅರ್ಥಶಾಸ್ತ್ರ ಮುಗಿಸಿದ್ದರು. ನವರಾತ್ರಿಗೆ ಅಹಮದಾಬಾದಿನ ಮಗಳ ಮನೆಗೆ ಬಂದವರು ಇಲ್ಲಿಗೂ ಬಂದು ನಾಲ್ಕು ಫ್ಲಾಪಿಗಳನ್ನು ಗೌತಮಿಯ ಕೈಗೇ ಕೊಟ್ಟರು. “ಅಂಚೆಯಲ್ಲಿ ಹಾಕಿದ್ರೆ ಠಸ್ಸೆ ಹೊಡೆದು ಕೊಲ್ತಾರೆ. ಇದು ಪುಸ್ತಕ ಪುಟ್ಟಿ, ಪೂರ್ತಿ ಪುಸ್ತಕ. ಇದೇ ನಂದು ಕೊನೇದು. ಇನ್ನು ಅಕ್ಷರ ದಪ್ಪ ಮಾಡೋಕೆ ಪರದೆಯಲ್ಲಿ ಜಾಗ ಇಲ್ಲ.”

ಪುಸ್ತಕ ಅಂದರು. ಮರುದಿನ ಸರಸ್ವತಿ ಪೂಜೆ. ಮನೆಯ ಪುಸ್ತಕಗಳೆಲ್ಲ ಮಣೆಯ ಮೇಲೆ ಏರಿದವು. ಅನಂತರಾಮನ ದಪ್ಪ ಕೈಪಿಡಿಗಳು, ಮೇದಿನಿಯ ಕಾಲೇಜು ನೋಟ್ಸು, ಗೌತಮಿಯ ಒಂದು ಬ್ರೈಲ್ ಸಂಪುಟ. ಅದರ ಪಕ್ಕದಲ್ಲಿ ಕಾಮಾಕ್ಷಿ ಮಗಳ ಚೀಲದಿಂದ ತೆಗೆದು ನಾಲ್ಕು ಫ್ಲಾಪಿಗಳನ್ನೂ ಇಟ್ಟಳು. ಅವಳ ತವರಿನ ಪದ್ಧತಿಯಲ್ಲಿ ಪುಸ್ತಕದ ರಟ್ಟಿಗೆ ಅರಿಶಿನ ಕುಂಕುಮ ಹಚ್ಚುವುದಿಲ್ಲ. ತೆರೆದು ಮೊದಲ ಪುಟದ ಮೂಲೆಗೆ ಹಚ್ಚಬೇಕು. ರಟ್ಟು ಕಟ್ಟುವವನದು, ಪುಟ ಸರಸ್ವತಿಯದು ಎನ್ನುತ್ತಿದ್ದಳು ಅವಳ ತಾಯಿ. ಫ್ಲಾಪಿಗೆ ಪುಟ ಯಾವುದು? ತಿರುಗಿಸಿ ನೋಡಿದಳು. ಒಂದು ಅಂಚಿನಲ್ಲಿ ತಗಡಿನ ಪುಟ್ಟ ಬಾಗಿಲು. ಉಗುರಿನಿಂದ ತಳ್ಳಿದರೆ ಮೆಲ್ಲಗೆ ಸರಿಯಿತು. ಒಳಗೆ ಕಪ್ಪಗೆ, ನುಣ್ಣಗೆ ಹೊಳೆಯುವ ತೆಳು ಹಾಳೆ. ಓ, ಇದೇ ಪುಟ. ಎರಡು ತೊಟ್ಟು ನೀರಿನಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಉಂಗುರ ಬೆರಳಿನಿಂದ ನಾಲ್ಕಕ್ಕೂ ಹಚ್ಚಿದಳು. ಕೈ ಬಿಟ್ಟ ಕೂಡಲೇ ಬಾಗಿಲು ಟಕ್ಕೆಂದು ತಾನೇ ಮುಚ್ಚಿಕೊಂಡಿತು. ಎಷ್ಟು ಅಚ್ಚುಕಟ್ಟು ಎಂದುಕೊಂಡಳು. ವಿಜಯದಶಮಿಯ ಬೆಳಿಗ್ಗೆ ಹೊರಮೈ ಒರೆಸಿ ಮಗಳ ಚೀಲಕ್ಕೆ ತಾನೇ ಹಾಕಿದಳು. ಮಗಳ ಬೆರಳಿಗೆ ಗೊತ್ತಾಗುವುದಾದರೂ ಹೇಗೆ?

“ಕಾಮಾಕ್ಷಿ.”

ಅನಂತರಾಮ ಅಡುಗೆಮನೆಯ ಬಾಗಿಲನ್ನು ತನ್ನ ಹಿಂದೆ ಮುಚ್ಚಿಕೊಂಡು ನಿಂತಿದ್ದ. ದನಿ ತಗ್ಗಿಸಿ ಕೇಳಿದ, “ಅವನ್ನ ಪೂಜೆಗಿಟ್ಟಿದ್ಯಲ್ಲ. ಆ ತಗಡು ಸರಿಸಿದ್ಯಾ?”

ಅವಳು ತಲೆಯಾಡಿಸಿದಳು.

“ಒಳಗೆ ಹಚ್ಚಿದ್ಯಾ?”

“ಪುಸ್ತಕ ಒಳಗೆ ತಾನೇ ಇರೋದು?”

“ದೇವರೇ!” ಅವನು ಹಣೆ ಹಿಡಿದುಕೊಂಡ.

“ನೀವು ಆಯುಧಪೂಜೆ ದಿನ ಆಫೀಸಲ್ಲಿ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಪ್ರಸಾದ ತಗೊಂಡು ಬರ್ತೀರಲ್ರೀ? ಅದಕ್ಕೇನೂ ಆಗಲ್ವಲ್ಲ?”

“ಹೊರಗೆ ಹಚ್ತೀವಿ ಕಣೇ! ಹೊರಗೆ! ಒಳಗಲ್ಲ!” ಎಂದವನು ತನ್ನ ದನಿಗೆ ತಾನೇ ಬೆಚ್ಚಿ ಬಾಗಿಲ ಕಡೆ ನೋಡಿದ.  ಮತ್ತೆ ಮೆಲ್ಲಗೆ ಹೇಳಿದ, “ಕೇಳು. ಹೇಳಬೇಡ. ಹೇಳಿದ್ರೆ ಏನು ಬಂತು? ಆ ಪುಸ್ತಕಗಳು ವಾಪಸ್ ಬರಲ್ಲ. ಅವರು ನಮ್ಮನ್ನ ಮೂಢರು ಅಂತ ನಗ್ತಾರೆ, ಅಷ್ಟೇ. ಅವಳಿಗೆ ಬೇರೆ ಎಲ್ಲಾದ್ರೂ ಕೆಲಸ ನೋಡೋಣ. ಇವತ್ತು ಇದನ್ನ ಕೇಳಿದ್ರೆ ಅವಳು ನಿನ್ನ ಜೊತೆ ಜನ್ಮದಲ್ಲಿ ಮಾತಾಡಲ್ಲ.”

ಆ ಕೊನೆಯ ಮಾತೇ ಕಾಮಾಕ್ಷಿಯ ಬಾಯಿ ಕಟ್ಟಿತು. ನಾಚಿಕೆಗಿಂತ ದೊಡ್ಡದು ಈ ಹೆದರಿಕೆ. ಹೊರಗೆ ಬಂದು ಮಗಳ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. “ಹೋಗ್ಲಿ ಬಿಡು ಪುಟ್ಟ, ಆದದ್ದಾಯ್ತು” ಎಂದಳು. ಎಂದ ಮೇಲೆ ತನ್ನ ನಾಲಿಗೆಯೇ ತನಗೆ ಹೇಸಿಗೆಯೆನಿಸಿತು. ಗೌತಮಿ ಆ ಕೈಗೆ ಒರಗಿಕೊಂಡಳು. ಅದು ಇನ್ನೂ ಕಷ್ಟವಾಯಿತು.

ಏಳು ಗಂಟೆಗೆ ಫೋನು ಉದ್ದಕ್ಕೆ ಗಂಟೆ ಹೊಡೆಯಿತು. ಹೊರಊರಿನ ಕರೆ. ಮೇದಿನಿ ಎತ್ತಿ, “ಸೂರತ್ತಿಂದ. ಹಯವದನ ಅಂಕಲ್” ಎಂದು ಅಕ್ಕನ ಕೈಗಿಟ್ಟಳು. ರಾಯರಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಕೂತಲ್ಲಿಗೇ ಎಲ್ಲರಿಗೂ ಕೇಳಿಸುತ್ತಿತ್ತು.

“ಪುಟ್ಟಿ, ಹಾಸ್ಟೆಲಿಗೆ ಮಾಡಿದ್ದೆ, ಮನೆಗೆ ಹೋಗಿದ್ದಾಳೆ ಅಂದ್ರು. ಹುಷಾರಾಗಿದ್ದೀಯಲ್ಲ? ಮೊದಲನೇ ಪಾಠ ಓದಿದ್ಯಾ? ಹದಿನೇಳನೇ ಪುಟದಲ್ಲಿ ಒಂದು ಕೋಷ್ಟಕ ಉಂಟು, ಅದು ಬೆರಳಿಗೆ ಸರಿಯಾಗಿ ಸಿಗ್ತದಾ ಇಲ್ವಾ? ನನಗೆ ಅದೊಂದೇ ಯೋಚನೆ.”

ಗೌತಮಿ ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದಳು.

“ಮಾವ, ಅದು ಹಾಳಾಯ್ತು.”

“ಕೋಷ್ಟಕವಾ?”

“ಪುಸ್ತಕ. ನಾಕೂ ಫ್ಲಾಪಿ. ನಿಮ್ಮ ಹತ್ರ ಇನ್ನೊಂದು ಪ್ರತಿ ಇದೆಯಾ ಮಾವ?”



“ಇಲ್ಲ ಮಗಾ. ಜಾಗ ಸಾಲದು ಅಂತ ಮಗ ಅಳಿಸಿದ. ಕೊಟ್ಟಾಯ್ತಲ್ಲ ಅಂತ ನಾನೇ ಅಳಿಸು ಅಂದೆ. ಏನಾಯ್ತು?”

“ನಾನು ಎಲ್ಲೋ ಬೀಳಿಸಿದೆ ಮಾವ” ಎಂದಳು ಗೌತಮಿ. “ಮಣ್ಣು ಹೊಕ್ಕಿತ್ತು. ನನಗೆ ಗೊತ್ತಾಗಲಿಲ್ಲ. ನನ್ನ ಕೈಯಿಂದಲೇ—”

“ಅವಳಲ್ಲ!” ಕಾಮಾಕ್ಷಿ ಎದ್ದು ನಿಂತಿದ್ದಳು. ಅನಂತರಾಮ ಅವಳ ಸೆರಗಿಗೆ ಕೈ ಹಾಕಿದ್ದು ಅವಳಿಗೆ ಗೊತ್ತಾಯಿತು, ಬಿಡಿಸಿಕೊಂಡದ್ದೂ ಗೊತ್ತಾಯಿತು. ಮಗಳ ಕೈಯಿಂದ ರಿಸೀವರ್ ಕಿತ್ತುಕೊಂಡಳು. “ರಾಯರೇ, ಅವಳು ಬೀಳಿಸಿಲ್ಲ. ನಾನು. ಸರಸ್ವತಿ ಪೂಜೆಗಿಟ್ಟು ಕುಂಕುಮ ಹಚ್ಚಿದೆ. ತಗಡು ಸರಿಸಿ, ಒಳಗೆ. ನಾಲ್ಕಕ್ಕೂ.”

ರಾಯರು ಕೆಮ್ಮಿದರು.  “ಒಳಗೆ ಹಚ್ಚಿದ್ರಾ ಅಮ್ಮ?”

“ಹೌದು.”

“ನಾನು ಅದನ್ನ ಪುಸ್ತಕ ಅಂತ ಹೇಳಬಾರದಿತ್ತು” ಎಂದು ಹೇಳಿ ಅವರು ಫೋನು ಇಟ್ಟರು.

ಕಾಮಾಕ್ಷಿ ತಿರುಗಿದಾಗ ಗೌತಮಿ ಕೈ ಚಾಚಿಕೊಂಡೇ ನಿಂತಿದ್ದಳು, ರಿಸೀವರ್ ಇನ್ನೂ ಅದರಲ್ಲಿದೆಯೇನೋ ಎಂಬಂತೆ. ಅಳುತ್ತಾಳೆ, ಕೂಗಾಡುತ್ತಾಳೆ ಎಂದು ಕಾಮಾಕ್ಷಿ ಕಾದಳು. ಗೌತಮಿ ಅದೇನೂ ಮಾಡಲಿಲ್ಲ.

“ಯಾವಾಗಿಂದ ಗೊತ್ತು ನಿಂಗೆ?”

“ಆಗಲೇ ನೀನು ಕೆಂಪು ಪುಡಿ ಅಂದಾಗ.”

“ಅಂದ್ರೆ ಎರಡು ಗಂಟೆ ಆಯ್ತು.”

“ಹೂಂ.”

“ಎರಡು ಗಂಟೆ ನನ್ನ ಬೆನ್ನು ಸವರ್ತಾ ಕೂತಿದ್ದೆ.”

ಕಾಮಾಕ್ಷಿ ರಿಸೀವರನ್ನು ಅದರ ಜಾಗದಲ್ಲಿಟ್ಟಳು. 

“ಪೂಜೆ ದಿನ ನಾನು ಪಕ್ಕದ ರೂಮಲ್ಲೇ ಇದ್ದೆ ಅಮ್ಮ” ಎಂದಳು ಗೌತಮಿ. “ಇದನ್ನ ತೆಗೀಬಹುದಾ ಅಂತ ಒಂದು ಮಾತು ಕೇಳಬಹುದಿತ್ತು. ಅಪ್ಪನ ಪುಸ್ತಕ ಇಡೋ ಮೊದಲು ಅಪ್ಪನ್ನ ಕೇಳಿದೆ, ನಂಗೆ ಕೇಳಿಸ್ತು. ಮೇದಿನೀನ ಕೇಳಿದೆ. ನನ್ನದನ್ನ ಮಾತ್ರ ನೀನೇ ಚೀಲದಿಂದ ತೆಗೆದೆ, ನೀನೇ ವಾಪಸ್ ಹಾಕಿದೆ. ಅವರು ಗೋಡೆಗೆ ಅಂಟಿಸಿರೋದೂ ಅದೇ ಅಲ್ವಾ? ಇವಳನ್ನ ಏನು ಕೇಳೋದು, ನಾವೇ ಹಾಕ್ತೀವಿ, ನಾವೇ ತೆಗೀತೀವಿ ಅಂತ.”

“ಗೌತಮಿ, ಅಮ್ಮ ಬೇಕು ಅಂತ ಮಾಡಿದ್ದಲ್ಲ” ಎಂದ ಅನಂತರಾಮ.

“ಗೊತ್ತು ಅಪ್ಪ. ಅವರೂ ಬೇಕು ಅಂತ ಮಾಡಿದ್ದಲ್ಲ.”

ಅವಳು ಗೋಡೆ ಸವರುತ್ತ ರೂಮಿಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಟ್ರಂಕಿನ ಬೀಗ ತೆಗೆದು ಬಟ್ಟೆಗಳನ್ನು ಒಂದೊಂದಾಗಿ ಹೊರಗಿಡುವ ಸದ್ದು ಬರತೊಡಗಿತು.

ಕಾಮಾಕ್ಷಿ ಫೋನಿನ ಪಕ್ಕದ ಡೈರಿ ತೆಗೆದು ಕೇಂದ್ರದ ಮುಖ್ಯಸ್ಥರಾದ ದಾಮೋದರಭಾಯಿಯ ಮನೆಯ ನಂಬರು ಹುಡುಕಿದಳು. ಬೇಡ ಎಂದು ಅನಂತರಾಮ ಕೈಯಾಡಿಸಿದ. ಅವಳು ಅವನ ಕಡೆ ನೋಡದೆಯೇ ನಂಬರು ಒತ್ತಿದಳು. ತನ್ನ ಅರೆಬರೆ ಹಿಂದಿಯಲ್ಲಿ, ನಡುನಡುವೆ ಗುಜರಾತಿ ಸೇರಿಸಿ, ಮಣೆ, ಕುಂಕುಮ, ತಗಡು, ಬೆರಳು ಎಲ್ಲವನ್ನೂ ಹೇಳಿದಳು. ಕುಂಕುಮಕ್ಕೆ ಅಲ್ಲಿ ‘ಕಂಕು’ ಅನ್ನುತ್ತಾರೆ. ಆ ಮಾತು ಬಂದ ಕೂಡಲೇ ಆ ಕಡೆಯಿಂದ ಉದ್ದನೆಯ ನಿಟ್ಟುಸಿರು ಕೇಳಿಸಿತು.

“ಬೆಹನ್, ನೀವು ಹೇಳೋದು ಹೇಳ್ತೀರಿ. ಆದ್ರೆ ಕಮಿಟಿಯ ಠರಾವು ಆಗಿಹೋಗಿದೆ. ಹುಡುಗೀನ ಉಳಿಸೋಕೆ ತಾಯಿ ಮೈಮೇಲೆ ಹಾಕ್ಕೊಂಡಳು ಅಂತಾರೆ ಜನ.”

“ನಾನೇ ಬಂದು ಹೇಳ್ತೀನಿ. ಕುಂಕುಮಾನೂ ತರ್ತೀನಿ. ನಿಮ್ಮ ಇಂಜಿನಿಯರ್ ಆ ಪುಡಿ ಪಕ್ಕ ಇಟ್ಟು ನೋಡಲಿ.”

ಅವರು ಸ್ವಲ್ಪ ಯೋಚಿಸಿ ಹೇಳಿದರು, “ನಾಳೆ ಹನ್ನೊಂದಕ್ಕೆ ಹನ್ನೆರಡನೇ ಕ್ಲಾಸಿನ ಆ ನಾಲ್ಕು ಮಕ್ಕಳ ತಂದೆತಾಯಿ ಬರ್ತಿದ್ದಾರೆ. ಮಾರ್ಚಿನಲ್ಲಿ ಪರೀಕ್ಷೆ, ಓದೋಕೆ ಏನೂ ಇಲ್ಲ, ಏನು ಮಾಡೋದು ಅಂತ ಕೇಳೋಕೆ. ನೀವು ಹೇಳೋದಾದ್ರೆ ಅವರೆದುರಿಗೇ ಹೇಳಬೇಕು. ಆಗತ್ತಾ?”

ಕಾಮಾಕ್ಷಿ ಡೈರಿ ಮುಚ್ಚಿದಳು. “ಆಗತ್ತೆ” ಎಂದಳು.

“ಕೆಲಸ ವಾಪಸ್ ಸಿಗತ್ತೆ ಅಂತ ನಾನು ಮಾತು ಕೊಡಲ್ಲ. ಆ ಕಾಗದ ಗೋಡೆಯಿಂದ ತೆಗೆಸ್ತೀನಿ ಅಂತಾನೂ ಕೊಡಲ್ಲ.”

“ಇರಲಿ. ಬರ್ತೀನಿ.”

ಫೋನು ಇಟ್ಟಾಗ ರೂಮಿನಲ್ಲಿ ಬಟ್ಟೆಯ ಸದ್ದು ನಿಂತಿತ್ತು.

“ಎಷ್ಟು ಗಂಟೆಗೆ?” ಒಳಗಿನಿಂದಲೇ ಗೌತಮಿ ಕೇಳಿದಳು.

“ಹನ್ನೊಂದಕ್ಕೆ.”

“ಹಾಗಾದ್ರೆ ಏಳರ ಗಾಡಿಗೆ ಹೋಗಬೇಕು. ನಾನೂ ಬರ್ತೀನಿ.”

“ನೀನ್ಯಾಕೆ ಪುಟ್ಟ? ಆ ಜನರೆಲ್ಲ ಇರ್ತಾರೆ. ಏನೇನೋ ಅಂತಾರೆ.”

“ಆ ನಾಲ್ಕು ಮಕ್ಕಳು ನನ್ನವರು. ಅವರೂ ಬರ್ತಾರೆ” ಎಂದಳು ಗೌತಮಿ. ಮತ್ತೆ ಅದೇ ಒಣ ದನಿಯಲ್ಲಿ, “ಅಲ್ಲದೆ, ಸ್ಟೇಷನ್ನಿಂದ ಕೇಂದ್ರಕ್ಕೆ ನಿಂಗೆ ದಾರಿ ಗೊತ್ತಿಲ್ಲ. ಆರಕ್ಕೆಲ್ಲ ರೆಡಿ ಇರು” ಎಂದಳು.